ದಾನ ಕೊಟ್ಟ ಹಸು

ಅಪ್ಪನ ಹನ್ನೊಂದನೆಯ ದಿನದ ಕ್ರಿಯೆಯಲ್ಲಿ ಗೋದಾನವಾಗಿ ಹೋದ ಹಸು ವಾರ ಕಳೆಯುವುದರೊಳಗೆ ಒಂದು ಸಂಜೆ ತನ್ನ ಪಾಡಿಗೆ ತಾನು ನಡೆದುಕೊಂಡು ನಮ್ಮ ಮನೆಗೆ ವಾಪಸ್ಸು ಬಂದಿತು. ಕಾಫಿ ಕೊಯ್ಲು ಮುಗಿಯುತ್ತಾ ಬಂದ ಕಾಲ. ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಗುಡ್ಡೆ ಮಾಡಿಸಿ ಟಾರ್ಪಾಲು ಮುಚ್ಚಿಸುತ್ತಿದ್ದ ಮೇಸ್ತ್ರಿ ಬೇಲಿಬಾಯಿಯ ಉಣುಗೋಲಿನ ಕಡೆ ನೋಡಿ, "ಅಮ್ಮಾ, ಗೋದಾನ ರಿಟರ್ನ್ ಬಂತಲ್ಲಾ!" ಎಂದು ಕೂಗಿದ. ಕೆಲಸದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನನಗೂ ನಗು ತಡೆಯಲಿಲ್ಲ. ನನ್ನ ತಮ್ಮನಂತೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಅವ್ವ ನಗಲಿಲ್ಲ. ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವಳು, ಉಣುಗೋಲಿನ ಅಡ್ಡಗಳುಗಳ ಆಚೆ ನಿಂತಿದ್ದ ಹಸುವನ್ನು ಕಂಡು ಜಗುಲಿಯ ಮೇಲೆ ಕುಸಿದು ಕೂತಳು.

"ಅಯ್ಯೋ ದೇವ್ರೇ, ಅವ್ರನ್ನ ನಡುನೀರಲ್ಲಿ ಬಿಟ್ಟು ಬಂತಲ್ಲೇ ಇದು!" ಎಂದಳು.

ಅವಳು ಹಾಗೆ ಅಂದದ್ದು ಯಾಕೆಂದು ತಿಳಿಯದವರಿಗೆ ಹೇಳಬೇಕು. ಸತ್ತವರು ಯಮನ ಊರಿಗೆ ಹೋಗುವ ದಾರಿಯಲ್ಲಿ ವೈತರಣಿ ಎಂಬ ಹೊಳೆ ಇದೆಯಂತೆ. ಕೀವು, ನೆತ್ತರು ಹರಿಯುವ ಹೊಳೆ. ಮನೆಯವರು ದಾನ ಕೊಟ್ಟ ಹಸು ಆ ದಡಕ್ಕೆ ಬಂದು ನಿಲ್ಲುತ್ತದೆ; ಅದರ ಬಾಲ ಹಿಡಿದುಕೊಂಡು ಜೀವ ಆಚೆ ದಡ ಸೇರುತ್ತದೆ. ಈಗ ನಿಜವಾದ ಹಸುವನ್ನು ಕೊಡುವವರು ಎಲ್ಲಿದ್ದಾರೆ? ಒಂದು ತೆಂಗಿನಕಾಯಿ ಇಟ್ಟು ಇದೇ ಹಸು ಎಂದುಕೊಂಡು, ದಕ್ಷಿಣೆ ಕೊಟ್ಟು ಮುಗಿಸುತ್ತಾರೆ. ನಮ್ಮ ಭಟ್ಟರೂ ಹಾಗೇ ಮಾಡಿದರೆ ಸಾಕು ಅಂದಿದ್ದರು. ಅವ್ವ ಒಪ್ಪಲಿಲ್ಲ.

"ತೆಂಗಿನಕಾಯಿಗೆ ಬಾಲ ಎಲ್ಲದೆ ಭಟ್ರೇ? ಜುಟ್ಟು ಹಿಡ್ಕೊಂಡು ದಾಟ್ಬೇಕಾ ಅವ್ರು?" ಎಂದು ಕೇಳಿದ್ದಳು. ಕೊನೆಗೆ ಭಟ್ಟರೇ ಒಪ್ಪಿದರು.

ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಈ ಮಾತು ಅವ್ವನ ತಲೆಯಲ್ಲಿ ಕೂತುಬಿಟ್ಟಿತ್ತು. ಮಳೆಗಾಲದಲ್ಲಿ ಮೊಣಕಾಲುದ್ದದ ಹಳ್ಳ ದಾಟಬೇಕಾದರೂ ಯಾರದಾದರೂ ಹೆಗಲು ಹಿಡಿದುಕೊಳ್ಳುತ್ತಿದ್ದ ಮನುಷ್ಯ. ತೋಟದಲ್ಲಿ ಕಾಡುಹಂದಿ ಎದುರಾದರೆ ಗದರಿಸಿ ಓಡಿಸುತ್ತಿದ್ದವರಿಗೆ ನೀರು ಕಂಡರೆ ಪುಕ್ಕಲು. ಅದಕ್ಕೇ ಅವ್ವ ಕೊಟ್ಟಿಗೆಯಲ್ಲಿದ್ದ ದನಗಳಲ್ಲಿ ಅಪ್ಪನಿಗೆ ಚೆನ್ನಾಗಿ ರೂಢಿಯಿದ್ದ ಹಸುವನ್ನೇ ಆರಿಸಿ ಕೊಟ್ಟಿದ್ದಳು. ಗುರುತಿಲ್ಲದ ಹಸುವಿನ ಬಾಲ ಹಿಡಿಯಲು ಅವರು ಅಂಜಿಯಾರು ಎಂಬುದು ಅವಳ ಚಿಂತೆ.

ಅದು ಮಲೆನಾಡು ಗಿಡ್ಡ. ಕಂದು ಬಣ್ಣ, ಎಡಗೊಂಬು ಸ್ವಲ್ಪ ಸೊಟ್ಟ. ಕರುವಾಗಿದ್ದಾಗ ಅದರ ತಾಯಿ ಸತ್ತು, ಅಪ್ಪ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರು. ಅದನ್ನು "ಏ ಹುಡ್ಗೀ" ಎಂದು ಕರೆಯುತ್ತಿದ್ದರು. ಅವ್ವನಿಗೆ ಅದು ಒಂದಿಷ್ಟೂ ಸರಿಬರುತ್ತಿರಲಿಲ್ಲ. "ಹೆಂಡ್ತೀನ ಒಂದಿನ ಹಂಗೆ ಕರ್ದಿದ್ದಿಲ್ಲ, ದನಕ್ಕೆ ಹುಡ್ಗಿಯಂತೆ ಹುಡ್ಗಿ" ಎಂದು ಮೂತಿ ತಿರುವುತ್ತಿದ್ದಳು. ಅವಳ ಬಾಯಲ್ಲಿ ಅದು ಯಾವಾಗಲೂ "ನಿಮ್ಮಪ್ಪನ ಹಸು".

ಅವ್ವ ಮಾಡಿದ ತಪ್ಪೆಂದರೆ ಭಟ್ಟರ ಮನೆ ಎಲ್ಲಿದೆ ಎಂದು ಯೋಚಿಸದೆ ಹೋದದ್ದು. ಮಲ್ಲಂದೂರಿನ ಕಡೆ ನಮ್ಮ ತೋಟ ಇರುವ ಗುಡ್ಡದ ಈ ಮಗ್ಗುಲಲ್ಲಿ ನಾವಿದ್ದರೆ ಆ ಮಗ್ಗುಲಲ್ಲಿ ಅವರು. ನಮ್ಮ ಗಿಡ್ಡ ದನಗಳನ್ನು ಯಾರೂ ಕಟ್ಟಿ ಮೇಯಿಸುವುದಿಲ್ಲ. ಬೆಳಿಗ್ಗೆ ಬಿಟ್ಟರೆ ಗುಡ್ಡ ಹತ್ತಿ ಮೇಯ್ದು, ಹೊತ್ತು ಇಳಿದಾಗ ತಾವೇ ಮನೆ ಸೇರುತ್ತವೆ. ಭಟ್ಟರ ಮನೆಯವರು ಪಾಪ ನಾಲ್ಕು ದಿನ ಕಟ್ಟಿ ಹುಲ್ಲು ಹಾಕಿ, ಇನ್ನು ರೂಢಿಯಾಯಿತು ಎಂದುಕೊಂಡು ಬಿಟ್ಟಿದ್ದಾರೆ. ಇದು ಗುಡ್ಡ ಹತ್ತಿದೆ, ಮೇಯ್ದಿದೆ, ಸಂಜೆಯಾಗಿದೆ, ಮನೆಗೆ ಬಂದಿದೆ. ಅದಕ್ಕೇನು ಗೊತ್ತು ದಾನ ಧರ್ಮ?

ನಮ್ಮ ಕಡೆ ದಾನ ಎನ್ನುವ ಮಾತನ್ನು ಎಲ್ಲದಕ್ಕೂ ಬಳಸುವುದಿಲ್ಲ. ಬಳಸುವ ಜಾಗಗಳೇ ಬೇರೆ. ಊರ ದೇವಸ್ಥಾನದ ಫ್ಯಾನಿನ ಮೂರು ರೆಕ್ಕೆಗೂ ದಾನಿಗಳ ಹೆಸರು ಬರೆದಿದೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕಾದರೆ ಸೆಕೆಯಲ್ಲಿ ಕೂರಬೇಕು. ಅಪ್ಪ ಇದನ್ನು ಹೇಳಿಕೊಂಡು ನಗುತ್ತಿದ್ದರು. ಶಾಲೆಯ ಅಂಗಳ ಗುಡಿಸಿದರೆ ಶ್ರಮದಾನ, ಪೇಟೆಯ ಆಸ್ಪತ್ರೆಯ ಗೋಡೆಯ ಮೇಲೆ ರಕ್ತದಾನ, ನೇತ್ರದಾನ. ಓಟು ಹಾಕುವುದಕ್ಕೂ ಮತದಾನವೆನ್ನುತ್ತಾರೆ. ಕೊಟ್ಟ ಮೇಲೆ ಐದು ವರ್ಷ ಅದರ ಮಾತೆತ್ತುವ ಹಾಗಿಲ್ಲ, ಆ ಲೆಕ್ಕದಲ್ಲಿ ಸರಿಯಾದ ಹೆಸರೇ.

ಆದರೆ ಅವ್ವ ಬೆಳಗಿನಿಂದ ಸಂಜೆಯವರೆಗೆ ಕೊಡುತ್ತಿದ್ದಳಲ್ಲ, ಅದಕ್ಕೆ ಯಾರೂ ದಾನ ಎನ್ನಲಿಲ್ಲ. ತೋಟದ ಆಳುಗಳ ಲೈನಿನ ಮನೆಗಳಿಂದ ಪಾತ್ರೆ ಹಿಡಿದು ಬಂದವರಿಗೆ ಮಜ್ಜಿಗೆ, ದಾರಿಯಲ್ಲಿ ಹೋಗುವವರಿಗೆ ಹಲಸಿನಹಣ್ಣು, ಕೇಳಿದವರಿಗೆ ಮೆಣಸಿನ ಬಳ್ಳಿ, ಯಾರ ಮನೆಯ ದನ ಬಾಗಿಲಿಗೆ ಬಂದರೂ ಒಂದು ಬಕೀಟು ಕಲಗಚ್ಚು. ಅಕ್ಕಿ ತೊಳೆದ ನೀರಿಗೆ ಅನ್ನದ ಗಂಜಿ, ತರಕಾರಿ ಸಿಪ್ಪೆ ಸೇರಿಸಿ ಇಟ್ಟ ಆ ಬಕೀಟು ನಮ್ಮ ಹಿತ್ತಲಲ್ಲಿ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ಪಕ್ಕದ ತೋಟದಲ್ಲಿ ಹೊಸದಾಗಿ ಹೋಮ್‌ಸ್ಟೇ ಮಾಡಿದವರೊಬ್ಬರು ಮಜ್ಜಿಗೆ ಈಸಿಕೊಂಡು, "ಅಮ್ಮಾ, ನೀವು ದೊಡ್ಡ ದಾನಿಗಳು" ಎಂದು ಕೈ ಮುಗಿದಾಗ ಅವ್ವನಿಗೆ ಸಿಟ್ಟೇ ಬಂದಿತ್ತು. "ಮಜ್ಜಿಗೆ ದಾನ ಮಾಡ್ತಾರಾ ಯಾರಾದ್ರೂ? ಎಂತ ಮಾತು ಅಂತ ಆಡ್ತಾನೆ ಈ ಮನುಷ್ಯ" ಎಂದು ಅವರು ಹೋದ ಮೇಲೆ ಅರ್ಧ ಗಂಟೆ ಗೊಣಗಿದಳು.

ಅದರ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ಅಪ್ಪ. "ಮಜ್ಜಿಗೆ ಕೊಟ್ರೆ ನಾಳೆ ಪಾತ್ರೆ ವಾಪಸ್ ಬರ್ತದೆ, ಅದ್ರಲ್ಲಿ ಎರಡು ನಿಂಬೆಹಣ್ಣು ಇರ್ತದೆ. ಅದು ಕೊಟ್ಟು ತಗಳ್ಳೋದು. ದಾನ ಅಂದ್ರೆ ಕೈಬಿಡೋದು ಮಾರಾಯ್ತಿ. ಬಿಟ್ಟ ಮೇಲೆ ಅದ್ರ ಕಡೆ ತಿರುಗಿ ನೋಡ್ಬಾರ್ದು." ಊರ ದೇವಸ್ಥಾನದ ಅಂಗಳದಲ್ಲಿ ಒಂದು ಹಳೆಯ ಶಾಸನದ ಕಲ್ಲಿದೆ. ದಾನ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡವನು ಹುಳುವಾಗಿ ಹುಟ್ಟುತ್ತಾನೆ ಎಂದು ಅದರಲ್ಲಿ ಬರೆದಿದೆ ಎನ್ನುತ್ತಾರೆ. ಅದನ್ನು ಓದಿದವರು ನಮ್ಮೂರಲ್ಲಿ ಯಾರೂ ಇಲ್ಲ, ನಂಬದವರೂ ಯಾರೂ ಇಲ್ಲ.

ಹಾಗಾಗಿ ಆ ಹಸು ಅವ್ವನಿಗೆ ಬಾಯಲ್ಲಿಟ್ಟುಕೊಂಡ ಬಿಸಿತುಪ್ಪವಾಯಿತು. ಒಳಗೆ ಬಿಟ್ಟುಕೊಂಡರೆ ದಾನ ಹಿಂದಕ್ಕೆ ತೆಗೆದುಕೊಂಡ ಹಾಗೆ. ಒಂದು ಹಿಡಿ ಹುಲ್ಲು, ಒಂದು ಬಾಯಿ ನೀರು ಕೊಟ್ಟರೂ ಅದು ಇದೇ ತನ್ನ ಮನೆ ಎಂದುಕೊಂಡೀತು. ಅಲ್ಲಿಗೆ ದಾನ ಕೆಟ್ಟಿತು, ಅಪ್ಪನ ಕೈಯಲ್ಲಿದ್ದ ಬಾಲ ತಪ್ಪಿತು. ಅಂದು ಕತ್ತಲಾಗುವ ಮುಂಚೆ ಭಟ್ಟರ ಹೆಂಡತಿ ಹಗ್ಗ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ಊರೆಲ್ಲ ಅವರನ್ನು ಭಟ್ರಮ್ಮ ಎಂದೇ ಕರೆಯುವುದು. ಕಳಸದ ಕಡೆಯವರು, ನನಗಿಂತ ನಾಲ್ಕಾರು ವರ್ಷ ಚಿಕ್ಕವರು, ಮಾತು ಜೋರು. "ಹೋಯ್, ಇಲ್ಲಿದ್ಯಾ ಮಹರಾಯ್ತಿ!" ಎಂದು ಹಸುವನ್ನೇ ಬೈದು, ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಹೋದರು.

ಮಾರನೆಯ ಸಂಜೆಯೂ ಬಂತು. ಅದರ ಮಾರನೆಯ ಸಂಜೆಯೂ. ಕಟ್ಟಿದರೆ ಹುಲ್ಲು ಮುಟ್ಟದೆ ನಿಲ್ಲುತ್ತದೆ, ಬಿಟ್ಟರೆ ಇಲ್ಲಿಗೆ ಬರುತ್ತದೆ ಎಂದು ಭಟ್ರಮ್ಮ ಹೇಳಿದರು. ನಾನು ಮದುವೆಯಾಗಿ ಹೋದದ್ದು ವಸ್ತಾರೆಯ ಹತ್ತಿರಕ್ಕೆ. ಅವ್ವ ಸ್ವಲ್ಪ ಸುಧಾರಿಸಲಿ ಎಂದು ತವರಲ್ಲೇ ಉಳಿದಿದ್ದೆ. ಅವ್ವ ಸುಧಾರಿಸುವ ಬದಲು ದಿನದಿನಕ್ಕೆ ಬತ್ತಿಹೋಗುತ್ತಿದ್ದಳು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದಳು. ಸಂಜೆಯಾಗುತ್ತಲೇ ಕಣ್ಣು ಉಣುಗೋಲಿನ ಕಡೆ. ಹಸು ಬಂದು ಅಡ್ಡಗಳುವಿನ ಮೇಲೆ ಗದ್ದ ಇಟ್ಟು "ಅಂಬಾ" ಎನ್ನುವುದು, ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು.

ಒಂದು ಸಂಜೆ ನಾನು ಕಂಡದ್ದನ್ನು ಈಗಲೂ ಮರೆತಿಲ್ಲ. ಬಿಸಿಲು ಬಹಳ ಕಾದಿದ್ದ ದಿನ. ಅವ್ವ ಕಲಗಚ್ಚಿನ ಬಕೀಟು ಎತ್ತಿಕೊಂಡು ಉಣುಗೋಲಿನವರೆಗೂ ಹೋದಳು. ವಾಸನೆಗೆ ಹಸು ಮೂಗು ಅರಳಿಸಿ ಕತ್ತು ಚಾಚಿತು. ಅವ್ವ ನಿಂತಳು, ನೋಡಿದಳು, ತಿರುಗಿದಳು. ಆ ಬಕೀಟನ್ನು ಅಷ್ಟೂ ಹಲಸಿನಮರದ ಬುಡಕ್ಕೆ ಸುರಿದು ಒಳಗೆ ಬಂದುಬಿಟ್ಟಳು. ಯಾರ ದನವನ್ನೂ ಬಾಯಾರಿಸಿ ಕಳಿಸದ ಹೆಂಗಸು!

ನನಗೆ ರೇಗಿಹೋಯಿತು. ನನ್ನ ಸಿಟ್ಟು ಊರಿಗೇ ಗೊತ್ತು.

"ಬಾಯಿಲ್ಲದ ಜೀವಕ್ಕೆ ನೀರು ಕೊಡ್ಬೇಡ ಅಂತ ಯಾವ ಶಾಸ್ತ್ರ ಹೇಳ್ತದವ್ವಾ? ನಾನೇ ಕೊಡ್ತೀನಿ, ಅದ್ಯಾವ ಯಮ ಬರ್ತಾನೋ ಬರ್ಲಿ! ವೈತರಣಿಯೂ ಇಲ್ಲ, ಮಣ್ಣೂ ಇಲ್ಲ!"

ಅವ್ವ ನನ್ನ ಕೈ ಹಿಡಿದುಕೊಂಡಳು. "ನೀನು ಸುಮ್ನಿರು ಮಾರಾಯ್ತಿ. ಇಲ್ಲ ಅಂತ ನಿಂಗೆ ಹೆಂಗೆ ಗೊತ್ತು, ನೀನು ಹೋಗಿ ನೋಡಿದ್ಯಾ? ಅಕಸ್ಮಾತ್ ಇದ್ರೆ? ಅವ್ರಿಗೆ ಈಜು ಬರಲ್ವಲ್ಲೇ."

ನಾನು ಅಲ್ಲೇ ತಣ್ಣಗಾದೆ. ದಾನದ ದಿನ ಕಂಡದ್ದೂ ಆಗ ನೆನಪಾಯಿತು. ತಮ್ಮ ನೀರು ಬಿಟ್ಟು, ಭಟ್ಟರು ಹೇಳಿಕೊಟ್ಟಂತೆ "ಇದು ಇನ್ನು ನನ್ನದಲ್ಲ" ಎಂದಿದ್ದ. ಹಗ್ಗದ ತುದಿ ಮಾತ್ರ ಅವ್ವನ ಕೈಯಲ್ಲಿತ್ತು. "ಬಿಡಿ ಅಮ್ಮಾ" ಎಂದು ಭಟ್ಟರು ಅಂದರೂ ಅವಳಿಗೆ ಬಿಡಲು ಆಗಲಿಲ್ಲ. ಬೆರಳು ಒಂದೊಂದಾಗಿ ನಾನೇ ಬಿಡಿಸಿದ್ದೆ. ಅಪ್ಪ ಮುಟ್ಟಿ ಸವೆಸಿದ ಹಗ್ಗ ಅದು. ದಾನ ಪೂರ್ತಿ ಆಗಲೇ ಇಲ್ಲ, ಅದಕ್ಕೇ ಹಸು ತಿರುಗಿ ಬರುತ್ತಿದೆ ಎಂದು ಅವಳು ಒಳಗೊಳಗೇ ನವೆಯುತ್ತಿದ್ದಾಳೆ ಎಂಬುದು ನನಗೆ ಹೊಳೆದದ್ದು ಆಮೇಲೆ.

ಭಟ್ಟರೇ ಒಂದು ದಿನ ಬಂದು ಜಗುಲಿಯ ಮೇಲೆ ಕೂತು ಮಾತಾಡಿದರು. ಬೇಸರವೇನೂ ಇರಲಿಲ್ಲ ಅವರಿಗೆ. "ಹಸುವನ್ನ ನನ್ನ ಭಾವನ ಮನೆಗೆ ಕಳಿಸಿಬಿಡ್ತೀನಿ ಅಮ್ಮಾ. ಕಳಸದ ಹತ್ರ, ಭದ್ರಾ ಹೊಳೆಯ ಆಚೆ. ಅಲ್ಲಿಂದ ಇಲ್ಲಿಗೆ ನಡ್ಕೊಂಡು ಬರೋ ಮಾತೇ ಇಲ್ಲ. ನಾಡಿದ್ದು ಪಿಕಪ್ ಬರ್ತದೆ." ಅವ್ವ ತಲೆ ಬಗ್ಗಿಸಿ ಕೂತಿದ್ದಳು. ಹೊಳೆಯ ಆಚೆ ಎಂಬ ಮಾತು ಕೇಳಿ ಮುಖ ಎತ್ತಿದಳು. "ಹಂಗೇ ಮಾಡಿ" ಎಂದಳು. ಅವರು ಎದ್ದು ಹೋದ ಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಗಂಡ ದಡ ಸೇರಬೇಕಾದರೆ ಗಂಡನ ಹಸು ಮತ್ತೆ ಕಣ್ಣಿಗೆ ಬೀಳಬಾರದು. ಎರಡರಲ್ಲಿ ಒಂದನ್ನು ಅವಳು ಆರಿಸಿಕೊಂಡಿದ್ದಳು.

ಪಿಕಪ್ ಬರುವ ಹಿಂದಿನ ಸಂಜೆ. ಅಷ್ಟರಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಗಿತ್ತು, ಅಂಗಳದ ತುಂಬ ಅದೇ ಘಮ. ಹಸು ಎಂದಿನಂತೆ ಬಂದು ಅಡ್ಡಗಳುವಿನ ಮೇಲೆ ಗದ್ದ ಇಟ್ಟಿತು. ಅವ್ವ ಆ ದಿನ ಬಾಗಿಲು ಹಾಕಿಕೊಳ್ಳಲಿಲ್ಲ. ಬಕೀಟು ಹಿಡಿದುಕೊಂಡು ಹೋಗಿ, ಹಸುವನ್ನೇ ನೋಡುತ್ತಾ, ಕಲಗಚ್ಚನ್ನು ಮತ್ತೆ ಹಲಸಿನಮರದ ಬುಡಕ್ಕೆ ಬಗ್ಗಿಸತೊಡಗಿದಳು. ಅದೇ ಹೊತ್ತಿಗೆ ಭಟ್ರಮ್ಮ ಹಗ್ಗ ಹಿಡಿದು ಬಂದರು.

"ಅಕ್ಕಾ, ಎಂತ ಮಾಡ್ತಿದೀರಿ? ಹಸು ಬಾಯಿ ಬಿಟ್ಕೊಂಡು ನಿಂತದೆ, ಮರಕ್ಕೆ ಹಾಕ್ತಿದೀರಲ್ಲ!"

ಅವ್ವ ಬಕೀಟು ಇಳಿಸಿದಳು. ಮಗಳ ಹತ್ತಿರ, ಮಗನ ಹತ್ತಿರ ಅಳದವಳು ಭಟ್ರಮ್ಮನ ಮುಂದೆ ಅತ್ತುಬಿಟ್ಟಳು. ಹೊಳೆ, ಬಾಲ, ಈಜು ಬಾರದ ಗಂಡ, ಬಿಡಲಾಗದ ಹಗ್ಗ, ಎಲ್ಲವನ್ನೂ ಹೇಳಿದಳು. ಭಟ್ರಮ್ಮ ನಗುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಅವರು ನಗಲಿಲ್ಲ. ಉಣುಗೋಲು ಸರಿಸಿ ಒಳಗೆ ಬಂದು ಅವ್ವನ ಪಕ್ಕದಲ್ಲಿ ನಿಂತರು.

"ಅಕ್ಕಾ, ನಮ್ಮ ತವರಿಗೆ ಆಗ ಸೇತುವೆ ಇರ್ಲಿಲ್ಲ. ಭದ್ರಾ ದಾಟ್ಬೇಕಾದ್ರೆ ದೋಣಿ. ನಮ್ಮಪ್ಪ ಪೇಟೆಗೆ ಹೋದ್ರೆ ಅಮ್ಮ ದಡದಲ್ಲೇ ನಿಂತಿರ್ತಿದ್ಲು. ಮಂಜು ಕವಿದ್ರೆ ಆಚೆ ದಡ ಕಾಣ್ತಿರ್ಲಿಲ್ಲ. ದೋಣಿ ಖಾಲಿಯಾಗಿ ವಾಪಸ್ ಬಂದ ಮೇಲೇ ಅಮ್ಮ ಮನೆಗೆ ಬರ್ತಿದ್ದಿದ್ದು. ಯಾಕೆ ಹೇಳಿ?"

ಅವ್ವ ಮೂಗು ಒರೆಸಿಕೊಂಡು ಅವರನ್ನೇ ನೋಡಿದಳು.

"ದೋಣಿ ಖಾಲಿ ಬಂತು ಅಂದ್ರೆ ಜನ ಆ ದಡ ಸೇರಿದ್ರು ಅಂತ ಅರ್ಥ ಅಲ್ವಾ? ಜನಾನ ಇಳಿಸದೇ ದೋಣಿ ಯಾಕೆ ತಿರುಗ್ತದೆ? ನೋಡಿ, ಇದು ಬಂದದೆ. ಒಂದೇ ಬಂದದೆ. ಬಾಲದಲ್ಲಿ ಯಾರಾದ್ರೂ ಇದಾರಾ ನೀವೇ ನೋಡಿ."

ಹೊರಗಿನವರಿಗೆ ಇದು ಮಕ್ಕಳನ್ನು ಸಮಾಧಾನ ಮಾಡುವ ಮಾತು ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಯಮ ಇಲ್ಲ, ವೈತರಣಿ ಇಲ್ಲ ಎಂದು ನಾನು ಕೂಗಾಡಿದ್ದೇ ಕೂಗಾಡಿದ್ದು. ಹೊಳೆ ಇದೆ ಎಂದು ಒಪ್ಪಿಕೊಂಡೇ ಅಪ್ಪನನ್ನು ಅದರಾಚೆ ದಾಟಿಸಬಹುದು ಎಂದು ನನಗೆ ಹೊಳೆಯಲಿಲ್ಲವಲ್ಲ!

ಅವ್ವ ನಿಜಕ್ಕೂ ಹೋಗಿ ನೋಡಿದಳು. ಹಸುವಿನ ಹಿಂದೆ ನಿಂತು, ಬಾಲವನ್ನು ಬುಡದಿಂದ ತುದಿಯವರೆಗೆ ಕೈಯಾಡಿಸಿದಳು. ಕುಚ್ಚಿನ ತುಂಬ ಉತ್ತರಾಣಿಯ ಮುಳ್ಳುಕಾಳು ಅಂಟಿತ್ತು. ಒಂದೊಂದೇ ಬಿಡಿಸಿ ತೆಗೆದಳು. "ಒಣಗ್ಯದೆ" ಎಂದಳು, ತನಗೇ ಎಂಬಂತೆ.

"ಒಣಗ್ದೇ ಇನ್ನೇನು? ಎಷ್ಟು ದಿನ ಆಯ್ತು ದಾಟ್ಸಿ!" ಎಂದರು ಭಟ್ರಮ್ಮ. ಆಮೇಲೆ ಸೊಂಟಕ್ಕೆ ಕೈ ಕೊಟ್ಟುಕೊಂಡು ಜಗಳಕ್ಕೆ ನಿಂತವರ ಹಾಗೆ ಕೇಳಿದರು. "ಈಗ ಹೇಳಿ, ಈ ಹಸು ಯಾರದ್ದು?"

"ನಿಮ್ದು."

"ಪೂರ್ತಿ ನಮ್ದಾ?"

"ಪೂರ್ತಿ."

"ಹಂಗಾದ್ರೆ ಅದು ದಾನ ಕೊಟ್ಟ ನಿಮ್ಮ ಹಸು ಅಲ್ಲ, ನಮ್ಮನೆ ಹಸು. ಊರೋರ ದನಕ್ಕೆಲ್ಲ ಕಲಗಚ್ಚು ಇಡ್ತೀರಿ, ನಮ್ಮನೆ ದನ ಏನು ಪಾಪ ಮಾಡ್ತು? ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಇಷ್ಟು ದಿನ ಬಾಯಾರಿಸಿ ಕಳ್ಸಿದೀರಿ, ನಾನು ಯಾರ ಹತ್ರ ಹೇಳ್ಕೊಳ್ಳಿ!"

ಅವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಬಕೀಟಿನಲ್ಲಿ ಅರ್ಧದಷ್ಟು ಕಲಗಚ್ಚು ಉಳಿದಿತ್ತು. ಒಳಗೆ ಓಡಿ ಹೋಗಿ, ರಾತ್ರಿಗೆಂದು ಇಟ್ಟ ಅನ್ನದಲ್ಲಿ ಎರಡು ಸೌಟು ತಂದು ಅದಕ್ಕೆ ಕಲಸಿ, ಹಸುವನ್ನು ಅಂಗಳಕ್ಕೆ ಬಿಟ್ಟುಕೊಂಡು ಅದರ ಮುಂದೆ ಇಟ್ಟಳು. ಹಸು ಮೂತಿ ಮುಳುಗಿಸಿ ಸೊರ್ರೆಂದು ಕುಡಿಯಿತು. ಅವ್ವ ಅದರ ಸೊಟ್ಟ ಕೊಂಬು ಹಿಡಿದುಕೊಂಡು ಬಗ್ಗಿ, ಕಿವಿಯ ಹತ್ತಿರ ಕೇಳಿದಳು.

"ಬಿಟ್ಟು ಬಂದ್ಯಾ ಹುಡ್ಗೀ? ಸರಿಯಾಗಿ ಬಿಟ್ಟು ಬಂದ್ಯಾ ಅವ್ರನ್ನ?"

ಅವಳ ಬಾಯಲ್ಲಿ ಆ ಕರೆ ಕೇಳಿದ್ದು ನಾನು ಅದೇ ಮೊದಲು. ಅಪ್ಪ ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಕಣದ ಹತ್ತಿರ ನಿಂತಿದ್ದ ತಮ್ಮ ಟಾರ್ಪಾಲು ಸರಿಮಾಡುವ ನೆಪದಲ್ಲಿ ಆಚೆ ತಿರುಗಿಕೊಂಡ.

ಪಿಕಪ್ ಬೇಡ ಎಂದು ಕಳಸದಲ್ಲಿರುವ ಅಣ್ಣನಿಗೆ ಫೋನು ಮಾಡುತ್ತೇನೆ ಎಂದು ಭಟ್ರಮ್ಮ ಹೇಳಿದರು. ಹಸುವಿನ ಕೊರಳಿಗೆ ಹಗ್ಗ ಹಾಕಲು ಅವರು ಮುಂದೆ ಬಂದಾಗ ಅವ್ವ, "ಕೊಡಿ ಇಲ್ಲಿ" ಎಂದು ಹಗ್ಗ ಈಸಿಕೊಂಡಳು. ತಾನೇ ಹಾಕಿದಳು. ಉಣುಗೋಲಿನವರೆಗೆ ತಾನೇ ಹಿಡಿದುಕೊಂಡು ಹೋದಳು. ಅಲ್ಲಿ ನಿಂತು, ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಭಟ್ರಮ್ಮನ ಕೈಗೆ ಇಟ್ಟಳು. ಬೆರಳು ಬಿಡಿಸಲು ಈ ಸಲ ಯಾರೂ ಬೇಕಾಗಲಿಲ್ಲ.

"ತಗಳಿ ಅಮ್ಮಾ, ನಿಮ್ಮ ಹಸು" ಎಂದಳು.

ಭಟ್ರಮ್ಮನೂ ಹಸುವೂ ಕಾಫಿ ಗಿಡಗಳ ನಡುವಿನ ದಾರಿ ಹಿಡಿದು ತಿರುವಿನ ಹತ್ತಿರ ಹೋದಾಗ ಅವ್ವ ಕೂಗಿ ಹೇಳಿದಳು. "ನಾಳೆ ಓಡ್ಕೊಂಡು ಬರ್ಬೇಡಿ, ನಿಧಾನಕ್ಕೆ ಬನ್ನಿ. ನಿಮಗೂ ಕಾಫಿ ಇಟ್ಟಿರ್ತೀನಿ."

ಒಳಗೆ ಬಂದು ಕೈ ತೊಳೆದು, "ಹಸಿವಾಗ್ತದೆ, ಬಡಿಸೇ" ಎಂದಳು ನನಗೆ.